ಆಕ್ಸ್‌ಫರ್ಡಿನಲ್ಲಿ ಹಾಲಪ್ಪನ ಹೆಬ್ಬೆರಳು

"ನಾ ಬಂದಿದ್ದಿಲ್ಲಂದ್ರ ಈ ಫೋಟೋ ಎಲ್ಲಾ ನಿಮ್ಮಪ್ಪ ತಗದನೇನು?"

ಹಾಲಪ್ಪ ಸೋಫಾದಿಂದ ಎದ್ದ ರಭಸಕ್ಕೆ ತಟ್ಟೆಯಲ್ಲಿದ್ದ ಮಿರ್ಚಿ ಭಜಿ ಕಾರ್ಪೆಟ್ಟಿನ ಮೇಲೆ ಉರುಳಿತು. ಕಾರ್ಮೆಲ್ ವ್ಯಾಲಿಯ ಆ ಮನೆಯಲ್ಲಿ ಅಷ್ಟು ದೊಡ್ಡ ದನಿಯಲ್ಲಿ ಇದುವರೆಗೆ ಮಾತಾಡಿದ್ದು ಟೀವಿ ಒಂದೇ.

"ನಮ್ಮಪ್ಪನ್ನ ಯಾಕ ನಡುವ ತರ್ತೀರಿ?" ಎಂದ ಮನೆಯ ಯಜಮಾನ ಬಸವಪ್ರಸಾದ್. "ದಾರ್ಯಾಗ ಹೋಗೋರ ಕೈಗೆ ಕ್ಯಾಮೆರಾ ಕೊಟ್ಟು ತಗಸಿರಬೇಕು."

ಜಗಳಕ್ಕೆ ಕಾರಣ ಆ ಟೀವಿಯೇ. ಬಸವಪ್ರಸಾದ್ ಬಾಗಿಲಿನಷ್ಟು ದೊಡ್ಡ ಹೊಸ ಟೀವಿ ತಂದಿದ್ದ. ಅದರಲ್ಲಿ ತೋರಿಸಲು ಏನಾದರೂ ಬೇಕಲ್ಲ, ಎರಡು ವರ್ಷದ ಹಿಂದಿನ ಫೋಟೋಗಳನ್ನು ಹೊರಗೆ ತೆಗೆದ. ಆಗ ಊರಿಗೆ ಹೋಗುವಾಗ ಗೆಳೆಯರೆಲ್ಲ ನಡುವೆ ಲಂಡನ್ನಿನಲ್ಲಿ ಇಳಿದು, ಒಂದು ದಿನ ಬಸ್ಸು ಹತ್ತಿ ಆಕ್ಸ್‌ಫರ್ಡ್ ನೋಡಿಕೊಂಡು ಬಂದಿದ್ದರು. ಬಸವಪ್ರಸಾದ್ ಮತ್ತು ಅವನ ಹೆಂಡತಿ ವೈಶಾಲಿ ಒಂದು ಜೋಡಿ. ಎರಡು ತಾಸು ದೂರದ ಡೈಮಂಡ್ ಬಾರ್ ಎಂಬ ಊರಿನ ಕೇಶವಮೂರ್ತಿ ಮತ್ತು ಪ್ರಭಾ ಇನ್ನೊಂದು ಜೋಡಿ. ಹಾಲಪ್ಪನಿಗೆ ಜೋಡಿ ಇಲ್ಲ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಜೋಡಿ ಇಲ್ಲದವನ ಕೈಗೆ ಕ್ಯಾಮೆರಾ ಬರುವುದು ಪಂಕ್ತಿಯಲ್ಲಿ ಒಬ್ಬನ ಕೈಗೆ ಸೌಟು ಬಂದ ಹಾಗೆ. ಒಮ್ಮೆ ಹಿಡಿದರೆ ಬಡಿಸುತ್ತಲೇ ಇರಬೇಕು, ನೀನೂ ಕೂತು ಉಣ್ಣು ಎನ್ನುವವರಿಲ್ಲ.

ಈ ಭಾನುವಾರ ಫೋಟೋ ನೋಡಲು ಪಕ್ಕದ ಮನೆಯ ಅರವಿಂದನೂ ಬಂದಿದ್ದ. ಇನ್ಶೂರೆನ್ಸ್ ಕ್ಲೇಮುಗಳಲ್ಲಿ ತಪ್ಪು ಹುಡುಕಿ ವಾಪಸ್ ಕಳಿಸುವುದು ಅವನ ನೌಕರಿ. ಆ ಚಟ ಭಾನುವಾರವೂ ಬಿಡುತ್ತಿರಲಿಲ್ಲ. "ಎಲ್ಲರೂ ಇದ್ದೀರ, ಹಾಲಪ್ಪನವರು ಮಾತ್ರ ಒಂದರಲ್ಲೂ ಇಲ್ವಲ್ಲ?" ಎಂದು ಕೇಳಿಬಿಟ್ಟ.

"ಅವರು ಆವತ್ತು ಬಂದಿರ್ಲಿಲ್ಲ," ಎಂದರು ಕೇಶವಮೂರ್ತಿ ಥಟ್ಟನೆ. "ಹೊಟ್ಟೆ ಕೆಟ್ಟು ಲಂಡನ್ ಹೋಟೆಲಲ್ಲೇ ಮಲಗಿದ್ರು."

"ಹೌದ್ ನೋಡ್ರಿ, ನೀವು ಬಂದಿದ್ದಿಲ್ಲ," ಎಂದಳು ವೈಶಾಲಿ. ಪ್ರಭಾ ಕೂಡ ಹೌದೆಂದು ತಲೆಯಾಡಿಸಿದರು.

ಹಾಲಪ್ಪನ ನೆತ್ತಿಗೆ ಬೆಂಕಿ ಬಿದ್ದದ್ದು ಆಗ. ಈ ದೇಶಕ್ಕೆ ಬಂದ ಮೇಲೆ ಅವನು ಗೆಳೆಯರ ಜೊತೆ ಬೆಳಗಿನಿಂದ ಸಂಜೆಯವರೆಗೆ ತಿರುಗಿದ್ದು ಆ ಒಂದೇ ದಿನ. ರಜೆಯಲ್ಲಿ ಏನು ಮಾಡಿದಿರಿ ಎಂದು ಆಫೀಸಿನಲ್ಲಿ ಯಾರು ಕೇಳಿದರೂ ಎರಡು ವರ್ಷದಿಂದ ಅದನ್ನೇ ಹೇಳುತ್ತಿದ್ದ. ಈಗ ಅದೂ ಇಲ್ಲವೆಂದರೆ ಉಳಿಯುವುದು ಅಪಾರ್ಟ್‌ಮೆಂಟಿನ ಮೈಕ್ರೋವೇವು ಮತ್ತು ಅವನು, ಇಬ್ಬರೇ.

"ಪ್ರೂಫ್ ಏನಾದ್ರೂ ಇದೆಯಾ ಸಾರ್?" ಎಂದ ಅರವಿಂದ, ಕುರ್ಚಿಯ ತುದಿಗೆ ಬಂದು.

"ಹಿಂದಿನ ಫೋಟೋ ತೋರಸ್ರಿ."

ಕಾಲೇಜಿನ ಅಂಗಳದ ಹುಲ್ಲಿನ ಮೇಲೆ ಕೇಶವಮೂರ್ತಿ ದಂಪತಿ ನಿಂತಿದ್ದರು. ಅವರ ಕಾಲ ಬಳಿ ಉದ್ದನೆಯ ನೆರಳೊಂದು ಬಿದ್ದಿತ್ತು. ಹಾಲಪ್ಪ ಟೀವಿಯ ಪಕ್ಕ ನಿಂತು ತನ್ನ ಕಿವಿ ಹಿಡಿದು ತೋರಿಸಿದ. "ನೆರಳಿನ ಕಿವಿ ನೋಡ್ರಿ, ನನ್ನ ಕಿವಿ ನೋಡ್ರಿ." ಅವನ ಕಿವಿಗಳು ಮೊರದಂತೆ ಇದ್ದದ್ದು ನಿಜ.

"ನೆರಳಿಗೆಲ್ಲ ಕ್ಲೇಮ್ ಪಾಸಾಗಲ್ಲ," ಎಂದ ಅರವಿಂದ.

"ಹಂಗಾರ ಇದು?" ಮುಂದಿನ ಫೋಟೋದ ಮೂಲೆಯಲ್ಲಿ ಬದನೆಕಾಯಿಯಂಥದ್ದೇನೋ ಅಡ್ಡ ಬಂದಿತ್ತು. "ಇದು ನನ್ನ ಹೆಬ್ಬಟ್ಟು. ಎಲ್ಲಾ ಫೋಟೋದಾಗೂ ಐತಿ. ಊರತುಂಬ ಬ್ಯಾರೆ ಬ್ಯಾರೆ ಮಂದಿ ತಗದ್ರ ಎಲ್ಲಾರ್ದೂ ಒಂದ ಹೆಬ್ಬಟ್ಟು ಇರ್ತೈತೇನು?" ಎಂದವನೇ, ತಾಳೆ ನೋಡಿ ಎಂದು ಭಜಿ ತಿಂದ ಹೆಬ್ಬೆರಳನ್ನು ಟೀವಿಗೇ ಒತ್ತಿದ.

"ಅಯ್ಯ, ಟೀವಿ ಮುಟ್ಟಬ್ಯಾಡ್ರಿ," ಎಂದು ವೈಶಾಲಿ ಬಟ್ಟೆ ತಂದಳು. ಒರೆಸಿದಷ್ಟೂ ಎಣ್ಣೆ ಹರಡಿತು. ಆಕ್ಸ್‌ಫರ್ಡಿನ ಗೋಪುರಗಳ ಮೇಲೆಲ್ಲ ಮೋಡ ಕವಿಯಿತು. ಈಗ ಬಸವಪ್ರಸಾದನಿಗೂ ಸಿಟ್ಟು ಬಂತು. "ಬಂದಿದ್ರೋ ಬಿಟ್ರೋ, ಟೀವಿ ಯಾಕ ಹಾಳು ಮಾಡ್ತೀರಿ ಮಾರಾಯ್ರ?"

ಅಷ್ಟರಲ್ಲಿ ಹೊಳೆಯ ಫೋಟೋ ಬಂತು. ದೋಣಿಯಲ್ಲಿ ಬಸವಪ್ರಸಾದ್, ವೈಶಾಲಿ ಕೈ ಬೀಸುತ್ತಿದ್ದರು.

"ಇದನ್ನ ದಂಡಿಮ್ಯಾಲ ನಿಂತು ತಗದಾವ ಯಾರು?" ಎಂದು ಕೇಳಿದ ಹಾಲಪ್ಪ.

"ನಾನೇ," ಎಂದರು ಕೇಶವಮೂರ್ತಿ. "ನಾನು, ಪ್ರಭಾ ದಡದಲ್ಲೇ ಇದ್ವಿ."

ಇದು ಪ್ರಭಾ ಅವರ ಮೆಚ್ಚಿನ ಕತೆಯ ಜಾಗ. ಅರವಿಂದನಿಗೆ ಹೇಳಿರಲಿಲ್ಲ, ಶುರು ಮಾಡಿದರು. "ಆವತ್ತು ಏಕಾದಶಿ ಅರವಿಂದ್. ಇಬ್ಬರೂ ತೊಟ್ಟು ನೀರೂ ಕುಡಿದಿರ್ಲಿಲ್ಲ. ಹೊಳೆ ದಡದ ಬೆಂಚಿನ ಮೇಲೆ ಕೂತಿದ್ದೆ, ತಲೆ ತಿರುಗಿ ಬಿದ್ದೇ ಹೋದೆ. ಕಣ್ಣು ಬಿಟ್ರೆ ಇವರು ನೀರು ಹಿಡ್ಕೊಂಡು ನಿಂತಿದ್ದಾರೆ. ತಾವೂ ಉಪವಾಸ, ಆದ್ರೂ ಓಡಿ ಹೋಗಿ ತಂದಿದ್ರು. ಗಂಡ ಅಂದ್ರೆ ಹಾಗಿರ್ಬೇಕು ಅಂತ ಎಲ್ಲರಿಗೂ ಹೇಳ್ತಾ ಇರ್ತೀನಿ."

"ಆ ನೀರು ತಂದಾವ ನಾನು," ಎಂದ ಹಾಲಪ್ಪ.

"ಹಾಲಪ್ಪನವರೇ, ಸಾಕು ಬಿಡಿ," ಎಂದು ಕೇಶವಮೂರ್ತಿ ಅವನತ್ತ ನೋಡಿದರು. ಆ ನೋಟದಲ್ಲಿ ಇದ್ದದ್ದು ಸಿಟ್ಟಲ್ಲ, ಬೇಡಿಕೆ. ಆದರೆ ಸಿಟ್ಟು ಬಂದವನಿಗೆ ಅಷ್ಟು ಸಣ್ಣ ಅಕ್ಷರ ಓದಲು ಬರುವುದಿಲ್ಲ.

"ನಾ ಹೋಟೆಲಿನ್ಯಾಗ ಮಲಗಿದ್ನಿ? ನೀವು ಎಲ್ಲಿದ್ರಿ ನಾ ಹೇಳ್ತೀನಿ ಕೇಳ್ರಿ. ಚರ್ಚ್ ನೋಡ್ತೀನಂತ ಹೋದಾವ್ರು ಆ ಮೂಲ್ಯಾಗಿನ ಹಳೇ ಬಾರಿನಾಗ ಕುಂತಿದ್ರಿ. ಪ್ರಭಾ ಅವ್ರು ಬಿದ್ರಂತ ನೀರು ಇಸಗೊಳಾಕ ನಾ ಅಲ್ಲಿಗೇ ಓಡಿ ಬಂದಿದ್ದೆ. ನಿಮ್ಮ ಮುಂದ ಬಿಯರ್ ಗ್ಲಾಸು, ಒಂದು ಪ್ಲೇಟ್ ಉಳ್ಳಾಗಡ್ಡಿ. ಬಳಿ ಹಂಗ ದುಂಡಗ ಕರದದ್ದು. ಬಾಯಿತುಂಬ ಇಟಗೊಂಡು 'ಪ್ರಭಾಗೆ ಹೇಳಬೇಡಿ' ಅಂದ್ರಿ. ನನ್ನ ಕೈಯಾಗಿನ ನೀರು ಕಸಗೊಂಡು ಓಡಿದ್ರಿ. ನಾ ಬಂದಿದ್ದಿಲ್ಲಂದ್ರ ಇದೆಲ್ಲಾ ನನಗ ಹೆಂಗ ಗೊತ್ತು?"

"ಇದು ಪ್ರೂಫು," ಎಂದ ಅರವಿಂದ ಮೆಲ್ಲಗೆ.



"ಈರುಳ್ಳೀನಾ?" ಎಂದರು ಪ್ರಭಾ. ಬಿಯರ್ ಅವರ ಕಿವಿಗೇ ಬಿದ್ದಂತಿರಲಿಲ್ಲ. ಮದುವೆಯಾದ ಹೊಸತರಲ್ಲಿ, ಮಡಿಯವರು ತಿನ್ನಬಾರದು ಎಂದು ಗಂಡ ಬಿಡಿಸಿದ್ದ ಈರುಳ್ಳಿಯನ್ನು ಅವರು ತವರುಮನೆಗೆ ಹೋದಾಗಲೂ ಮುಟ್ಟಿರಲಿಲ್ಲ.

ಹಾಲಪ್ಪನ ಸಿಟ್ಟು ಸರ್ರನೆ ಇಳಿಯಿತು. "ಸಣ್ಣ ಪ್ಲೇಟ್ ರೀ," ಎಂದ.

"ನೀರು ತಂದದ್ದು ನೀವು. ಮತ್ತೆ ಎರಡು ವರ್ಷ ಯಾಕೆ ಹೇಳಲಿಲ್ಲ?"

ಹಾಲಪ್ಪ ಬಗ್ಗಿ ಕಾರ್ಪೆಟ್ಟಿನ ಮೇಲಿದ್ದ ಭಜಿ ಹೆಕ್ಕಿ ತಟ್ಟೆಗೆ ಹಾಕಿದ. ಹಬ್ಬ ಹುಣ್ಣಿಮೆಗೆ ಅವನಿಗೆ ಫೋನು ಮಾಡಿ, ಬನ್ನಿ ಎಂದು ಜೊತೆಗೆ ಕರೆದೊಯ್ಯುತ್ತಿದ್ದವರು ಕೇಶವಮೂರ್ತಿ ಒಬ್ಬರೇ. ಅದನ್ನು ಹೇಗೆ ಹೇಳುವುದು?

ಪ್ರಭಾ ಎದ್ದರು. ಗಂಡನ ಮುಂದಿದ್ದ ಕಾರಿನ ಕೀ ತೆಗೆದುಕೊಂಡು, "ಬರ್ತೀನಿ ವೈಶಾಲಿ," ಎಂದು ಚಪ್ಪಲಿ ಮೆಟ್ಟಿ ಹೊರಗೆ ನಡೆದರು. ಡೈಮಂಡ್ ಬಾರ್‌ನಿಂದ ಮೂವರೂ ಬಂದದ್ದು ಆ ಕಾರಿನಲ್ಲಿಯೇ. ಕೇಶವಮೂರ್ತಿ ಬರೀ ಸಾಕ್ಸಿನಲ್ಲಿ ಓಡಿದರು. ಅವರು ಬಾಗಿಲು ದಾಟುವಷ್ಟರಲ್ಲಿ ಕಾರು ರಸ್ತೆಯ ತಿರುವು ದಾಟಿತ್ತು.

ಹಾಲಪ್ಪನೂ ಹೋಗಿ ಮೆಟ್ಟಿಲ ಮೇಲೆ ಕೂತ. "ಒಂದ್ ಸುತ್ತು ಹಾಕಿ ಬರ್ತಾರ ಬಿಡ್ರಿ."

"ಇನ್ಮೇಲೆ ನನ್ನ ಹತ್ರ ಮಾತಾಡಬೇಡಿ," ಎಂದು ಕೇಶವಮೂರ್ತಿ ಮೆಟ್ಟಿಲಿನ ಆ ತುದಿಗೆ ಸರಿದು ಕೂತರು.

ಒಳಗೆ ವೈಶಾಲಿ ಗಂಡನಿಗೆ ಹೇಳುವುದು ಅಡುಗೆಮನೆಯ ಕಿಟಕಿಯಿಂದ ಚೆನ್ನಾಗಿಯೇ ಕೇಳಿಸಿತು. "ಈಗ ನೆನಪಾತ್ ನೋಡ್ರಿ. ಹಾಲಪ್ಪಾರು ಬಂದಿದ್ರು, ಖರೇನ ಬಂದಿದ್ರು. ಬಸ್ಸಿನ್ಯಾಗ ನಮ್ಮ ಹಿಂದ ಕುಂತಿದ್ರು. ಈ ಸಲ ರಜಾದಾಗ ನಾವು ಹವಾಯಿಗೆ ಹೋಗೂದು ಮಾತ್ರ ಅವರ ಕಿವಿಗೆ ಬೀಳಬಾರದು."

ಎದುರಿನ ಗುಡ್ಡದ ಮನೆಗಳಲ್ಲಿ ಒಂದೊಂದೇ ದೀಪ ಹತ್ತಿದವು. ತಿರುವಿನಲ್ಲಿ ಬೆಳಕು ಕಂಡಾಗಲೆಲ್ಲ ಇಬ್ಬರೂ ಕತ್ತೆತ್ತಿ ನೋಡುತ್ತಿದ್ದರು. ಬೇರೆ ಯಾರದೋ ಕಾರು, ಬೇರೆ ಯಾರದೋ ಮನೆಗೆ ಹೋಗುತ್ತಿತ್ತು. ಪ್ರಭಾ ಬರಲಿಲ್ಲ.