ಎರಡನೇ ಮಹಡಿಯ ಮೋಟಾರ್ ಸೈಕಲ್

ಯೋಜನೆ ಹಾಕುವುದು ನನ್ನ ದೌರ್ಬಲ್ಯ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲಸ ಬರುವವರು ಕೆಲಸ ಮಾಡುತ್ತಾರೆ, ಬಾರದವರು ಯೋಜನೆ ಹಾಕುತ್ತಾರೆ. ಆಫೀಸಿನಲ್ಲಿ ಇಷ್ಟು ವರ್ಷ ನನ್ನನ್ನು ಕಾಪಾಡಿದ್ದೂ ಇದೇ ವಿದ್ಯೆ. ಆದರೆ ಮುಂಬಯಿಯ ಚಳಿಗಾಲಕ್ಕೆ ಯೋಜನೆ ಹಾಕುವವನು ಬಹಳ ಚುರುಕಾಗಿರಬೇಕು. ಇಲ್ಲಿನ ಚಳಿ ದೂರದ ನೆಂಟರಂತೆ; ಬಂದದ್ದು ತಿಳಿದು ನಾವು ಚಹಾಕ್ಕೆ ಇಡುವಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡಿರುತ್ತದೆ. ಬೆವರು ಸುರಿಸದೆ ಸ್ಪ್ಯಾನರ್ ಹಿಡಿಯಬಹುದಾದ ಆ ಹದಿನೈದು ದಿನಗಳಲ್ಲಿ ನನ್ನ ಹಳೆಯ ಮೋಟಾರ್ ಸೈಕಲನ್ನು ನಾನೇ ಪೂರ್ತಿ ಬಿಚ್ಚಿ ಸರಿಮಾಡಬೇಕೆಂದು ದೀಪಾವಳಿಯ ಮರುದಿನವೇ ನಿರ್ಧರಿಸಿ, ಒಂದು ನೋಟ್‌ಬುಕ್ಕಿನಲ್ಲಿ ನಲವತ್ತೊಂದು ಕೆಲಸಗಳ ಪಟ್ಟಿ ಬರೆದೆ.

ಅದು ನಮ್ಮ ಮದುವೆಯಾದ ವರ್ಷ ಕೊಂಡ ಗಾಡಿ. ನನ್ನ ಹೆಂಡತಿ ಶಾಂತಾ ಧಾರವಾಡದವಳು, ನಾನೂ ಅಲ್ಲಿಯವನೇ. ಆದ್ದರಿಂದ ನಮ್ಮ ಮನೆಯಲ್ಲಿ ಮಾತು ಸುತ್ತಿ ಬಳಸಿ ಬರುವುದಿಲ್ಲ.

"ಯಾವನರೇ ಮೆಕ್ಯಾನಿಕ್ ಕಡೆ ಕೊಟ್ಟು ಸುಮ್ನ ಬರ್ರಿ" ಎಂದಳು.

"ಹೊರಗಿನವರಿಗೆ ಗಾಡಿ ಮನಸ್ಸು ತಿಳಿಯಂಗಿಲ್ಲ."

"ಮನ್ಯಾಗಿನ ಹೆಂಡತಿ ಮನಸ್ಸು ತಿಳೀಲಿಲ್ಲ, ಗಾಡೀದು ಮಾತ್ರ ತಿಳದದ ನೋಡ್ರಿ!"

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನ ಕಂಪೌಂಡಿನಲ್ಲಿ ಕೆಲಸ ಶುರುಮಾಡಿದೆ. ಅರ್ಧ ಗಂಟೆಯಲ್ಲಿ ಹೊಸದಾಗಿ ಹಾಸಿದ ಟೈಲ್ಸ್ ಮೇಲೆ ಕಪ್ಪು ಎಣ್ಣೆ ಹರಿಯಿತು. ಹಿಂದೆಯೇ ಸೊಸೈಟಿಯ ಸೆಕ್ರೆಟರಿ ಸಾವಂತರು ಹರಿದುಬಂದರು. ಕಂಪೌಂಡಿನಲ್ಲಿ ಇದೆಲ್ಲ "ಚಾಲಣಾರ್ ನಾಹೀ", ನಡೆಯುವುದಿಲ್ಲ, ನಿಮ್ಮ ಮನೆಯೊಳಗೆ ಏನು ಬೇಕಾದರೂ ಮಾಡಿಕೊಳ್ಳಿ ಎಂದು ಮರಾಠಿಯಲ್ಲಿ ಗುಡುಗಿ ಹೋದರು. ಬೇರೆಯವರಾಗಿದ್ದರೆ ಇದನ್ನು ಬೈಗುಳವೆಂದು ತಿಳಿಯುತ್ತಿದ್ದರು. ನಾನು ಅನುಮತಿಯೆಂದು ತಿಳಿದೆ.

ನಮ್ಮ ಮನೆ ಇರುವುದು ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಎದುರು ಮನೆಯ ಶೆಟ್ಟರು, ಸ್ಟೇಷನ್ ಹತ್ತಿರ ಹೋಟೆಲ್ ನಡೆಸುವವರು, ನನ್ನ ಪೇಚಾಟ ನೋಡಿ ಧೈರ್ಯ ತುಂಬಿದರು. "ಬಿಚ್ಚಿ ತಕೊಂಡು ಹೋದ್ರೆ ಎಂತ ಭಾರ ಮಾರಾಯ್ರೆ? ಹೋಟೆಲಿನ ದೋಸೆಕಲ್ಲನ್ನೇ ನಾವು ಮಾಳಿಗೆಗೆ ಹತ್ತಿಸಿದ್ದುಂಟು." ಅಂದು ಸಂಜೆಯೊಳಗೆ ಟ್ಯಾಂಕು, ಸೀಟು, ಚಕ್ರಗಳು, ಎಂಜಿನ್ನು, ಕಡೆಗೆ ಬರಿಯ ಅಸ್ಥಿಪಂಜರ ಎಲ್ಲವೂ ನಮ್ಮ ಹಾಲಿಗೆ ಬಂದವು. ಶಾಂತಾ ತಾನೇ ಸೋಫಾ ಸರಿಸಿ ಜಾಗ ಮಾಡಿಕೊಟ್ಟಳು. ಮಾಡಿಕೊಟ್ಟಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಮೂರು ವಾರ ನಾನು ಆ ಭಾಗಗಳ ನಡುವೆಯೇ ಉಂಡೆ, ಎದ್ದೆ. ಉಜ್ಜಿದೆ, ತಿಕ್ಕಿದೆ, ಗ್ರೀಸ್ ಹಚ್ಚಿದೆ. ಒಮ್ಮೆ ಆಫೀಸಿಗೆ ಒಯ್ದ ಡಬ್ಬಿಯಲ್ಲಿ ಚಪಾತಿಯ ಪಕ್ಕ ಒಂದು ಸ್ಪ್ರಿಂಗ್ ಸಿಕ್ಕಿತು. ಅದು ಕಣ್ತಪ್ಪಿನಿಂದ ಬಂದದ್ದೋ ಎಚ್ಚರಿಕೆಯೋ ಇಂದಿಗೂ ತಿಳಿದಿಲ್ಲ. ಕೊನೆಗೆ ಹಾಲಿನಲ್ಲೇ ಗಾಡಿಯನ್ನು ಜೋಡಿಸಿ, ಚಮಚದಷ್ಟು ಪೆಟ್ರೋಲು ಹನಿಸಿ, ಕಿಕ್ ಒದ್ದೆ. ಮೊದಲ ಒದೆತಕ್ಕೇ ಹುಲಿಯಂತೆ ಗರ್ಜಿಸಿತು! ನನ್ನ ಕಣ್ಣಲ್ಲಿ ನೀರೇ ಬಂತು. ಅರ್ಧ ಸಂತೋಷಕ್ಕೆ, ಅರ್ಧ ಹೊಗೆಗೆ. ಮೇಲಿನ ಮನೆಯವರು ಸೊಳ್ಳೆಗೆ ಹೊಗೆ ಹೊಡೆಯುವವರು ಬಂದರೆಂದು ಧಡಧಡ ಕಿಟಕಿ ಮುಚ್ಚಿದರು.

ಹೊಗೆ ಕರಗಿದ ಮೇಲೆ ಶಾಂತಾ ಬಾಗಿಲಲ್ಲಿ ಕಾಣಿಸಿದಳು. "ಭಾಳ ಚೊಲೋ ಆತು. ಈಗ ಇದನ್ನ ಕೆಳಗ ಹ್ಯಾಂಗ ಒಯ್ತೀರಿ?"

ನಲವತ್ತೊಂದು ಕೆಲಸಗಳ ನನ್ನ ಪಟ್ಟಿಯಲ್ಲಿ ಆ ಕೆಲಸ ಇರಲಿಲ್ಲ.

ಮತ್ತೆ ಬಿಚ್ಚಬಹುದಿತ್ತು. ಆದರೆ ಅದು ಹೇಗೆ ಜೋಡಣೆಯಾಯಿತೆಂಬುದು ಜೋಡಿಸಿದ ನನಗೇ ಗೊತ್ತಿರಲಿಲ್ಲ. ಅಂಥ ಪವಾಡ ಎರಡು ಸಲ ನಡೆಯುವುದಿಲ್ಲ. ಸಾವಂತರು ಸೊಸೈಟಿಯ ವಿಶೇಷ ಸಭೆ ಕರೆದರು. ಬಾಲ್ಕನಿಯ ಗ್ರಿಲ್ ಕತ್ತರಿಸಿ ಕ್ರೇನ್ ತರಿಸಬೇಕೆಂದು ಒಬ್ಬರು ಸೂಚಿಸಿದರು. ನಿವೃತ್ತ ಎಂಜಿನಿಯರೊಬ್ಬರು ಹಗ್ಗ ಎಷ್ಟು ದಪ್ಪವಿರಬೇಕೆಂದು ಕಾಗದದ ಮೇಲೆ ಲೆಕ್ಕ ಹಾಕುತ್ತ ಸಭೆ ಮುಗಿದದ್ದನ್ನೂ ಗಮನಿಸಲಿಲ್ಲ. ಉಳಿದ ಒಂದು ಗಂಟೆ, ಮನೆಯೊಳಗೆ ನಿಂತ ಗಾಡಿಗೆ ಪಾರ್ಕಿಂಗ್ ಸ್ಟಿಕರ್ ಬೇಕೇ ಬೇಡವೇ ಎಂಬ ಚರ್ಚೆಗೆ ಹೋಯಿತು.

ಅಷ್ಟರಲ್ಲಿ ಸಂಕ್ರಾಂತಿ ಬಂತು. ಶಾಂತಾ ಬಿಲ್ಡಿಂಗಿನ ಹೆಂಗಸರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದಿದ್ದಳು. ಗಾಡಿಗೆ ಹಳೆಯ ಚಾದರ ಹೊದಿಸೋಣವೆಂದೆ. "ಯಾಕ ಮುಚ್ಚತೀರಿ? ನೋಡಲಿ, ಎಲ್ಲಾರೂ ನೋಡಲಿ" ಎಂದಳು. ನಾನು ಅಡುಗೆಮನೆಯಲ್ಲಿ ಅಡಗಿ ಕುಳಿತು ಇಣುಕಿದೆ. ಬಂದ ಹೆಂಗಸರು ಸೋಫಾದಲ್ಲಿ ಜಾಗ ಸಾಲದೆ ಇಬ್ಬಿಬ್ಬರಾಗಿ ಗಾಡಿಯ ಮೇಲೆ ಒಂದೇ ಕಡೆ ಕಾಲು ಇಳಿಬಿಟ್ಟು ಕುಳಿತರು. ಹಿರಿಯಳಾದ ಸಾವಂತರ ಹೆಂಡತಿ ಅದನ್ನು ಭಕ್ತಿಯಿಂದ ನೋಡಿ, ಹೆಡ್‌ಲೈಟಿಗೆ ಅರಿಶಿನ ಕುಂಕುಮ ಹಚ್ಚಿ, ಟ್ಯಾಂಕಿನ ಮೇಲೆ ಒಂದು ಎಳ್ಳುಂಡೆ ಇಟ್ಟು, "ತಿಳ್‌ಗುಳ್ ಘ್ಯಾ, ಗೋಡ್ ಗೋಡ್ ಬೋಲಾ" ಎಂದು ಕೈ ಮುಗಿದಳು. ಎಳ್ಳುಬೆಲ್ಲ ತಿಂದು ಸಿಹಿಯಾಗಿ ಮಾತಾಡು ಎಂದು ಆ ದಿನ ಎಲ್ಲರಿಗೂ ಹೇಳುವ ಮಾತು. ಅದರ ಗರ್ಜನೆ ಕೇಳಿದವಳಿಗೆ ಹಾಗೆ ಹೇಳಬೇಕೆನಿಸಿದ್ದರಲ್ಲಿ ತಪ್ಪಿಲ್ಲ.

ಮರುದಿನ ಶಾಂತಾ ನನ್ನನ್ನು ಕೇಳದೆಯೇ ಕುರ್ಲಾದಿಂದ ರಫೀಕ್ ಎಂಬ ಮೆಕ್ಯಾನಿಕ್‌ನನ್ನು ಕರೆಸಿದಳು. ನೋಡಲು ಅರ್ಧ ಬಿಲ್ಡಿಂಗೇ ನಮ್ಮ ಹಾಲಿಗೆ ಬಂತು. ನಾನು ಕ್ರೇನು, ಗ್ರಿಲ್ಲು, ಹಗ್ಗ ಎಲ್ಲವನ್ನೂ ವಿವರಿಸಿದೆ. ಆತ ಸಾವಕಾಶವಾಗಿ ಚಹಾ ಕುಡಿದು ಮುಗಿಸಿ, ಬಗ್ಗಿ ಗಾಡಿಯ ಕೆಳಗೆ ನೋಡಿ, "ಪಹಿಯೇ ತೋ ಹೈ ನಾ, ಸಾಬ್?" ಎಂದ.

ಚಕ್ರಗಳಿದ್ದವು. ಎರಡೂ ಇದ್ದವು. ಎಲ್ಲರೂ ಬಗ್ಗಿ ನೋಡಿ ಖಚಿತಪಡಿಸಿಕೊಂಡೆವು. ನಿವೃತ್ತ ಎಂಜಿನಿಯರು ಸದ್ದಿಲ್ಲದೆ ಹೊರಟುಹೋದರು. ರಫೀಕ್ ಮುಂದೆ ಬ್ರೇಕ್ ಹಿಡಿದ, ಹಿಂದೆ ಶೆಟ್ಟರು ಮತ್ತು ನಾನು ಜಗ್ಗಿ ಹಿಡಿದೆವು. ತಿರುವಿನಲ್ಲಿ ಹಿಂಭಾಗವನ್ನು ಎತ್ತಿ ತಿರುಗಿಸಿ, ಒಂದೊಂದೇ ಮೆಟ್ಟಿಲು ಇಳಿಸಿ, ಹತ್ತು ನಿಮಿಷದಲ್ಲಿ ಅಂಗಳ ಮುಟ್ಟಿಸಿದೆವು. "ಥತ್, ಇಷ್ಟೇಯಾ ಮಾರಾಯ್ರೆ!" ಎಂದರು ಶೆಟ್ಟರು, ನನ್ನ ಪರವಾಗಿಯೂ.

ರಫೀಕ್ ಕೈ ಒರೆಸಿಕೊಳ್ಳುತ್ತ, ಅಷ್ಟೆಲ್ಲ ಬಿಚ್ಚಲು ಮೂಲದಲ್ಲಿ ಗಾಡಿಗೆ ಏನಾಗಿತ್ತು ಎಂದು ಕೇಳಿದ. ನನಗೆ ಮರೆತೇಹೋಗಿತ್ತು. ನೋಟ್‌ಬುಕ್ ತರಿಸಿ ಮೊದಲ ಸಾಲು ಓದಿದೆ: ಎಡಗಡೆಯ ಇಂಡಿಕೇಟರ್ ಮಿನುಗುತ್ತಿಲ್ಲ. ಆತ ಸ್ವಿಚ್ ಒತ್ತಿದ. ಈಗಲೂ ಮಿನುಗಲಿಲ್ಲ. ಬಲ್ಬ್ ಹೋಗಿರಬೇಕು, ಎರಡು ನಿಮಿಷದ ಕೆಲಸ ಎಂದ. "ಬೇಡ ಬಿಡು, ಬರುವ ಚಳಿಗಾಲಕ್ಕೆ ನಾನೇ..." ಎಂದು ಬಾಯಿ ತೆರೆಯುತ್ತಿದ್ದಂತೆ ಶಾಂತಾ ನನ್ನ ಕೈಯಿಂದ ನೋಟ್‌ಬುಕ್ ಕಸಿದುಕೊಂಡಳು.

ಆ ಬಲ್ಬ್ ಇನ್ನೂ ಹಾಕಿಲ್ಲ. ಎಡಕ್ಕೆ ತಿರುಗಬೇಕಾದಾಗ ಹಿಂದೆ ಕುಳಿತ ಶಾಂತಾ ಬಳೆ ತುಂಬಿದ ಎಡಗೈ ಚಾಚುತ್ತಾಳೆ. ಒಮ್ಮೊಮ್ಮೆ ನಾನು ಬಲಕ್ಕೆ ಹೋಗಬೇಕೆಂದುಕೊಂಡಿರುವಾಗಲೂ ಆ ಕೈ ಎಡಕ್ಕೆ ಚಾಚಿರುತ್ತದೆ. ಮರುಮಾತಾಡದೆ ಎಡಕ್ಕೇ ತಿರುಗುತ್ತೇನೆ.