ಹಿತ್ತಲ ಸಾಮಾನಿನ ವಾರಸುದಾರರು

ಮುಂಬಯಿಯಲ್ಲಿ ಹಾಳುಬಿದ್ದ ಸಾಮಾನಿಗೆ ಒಡೆಯರೇ ಇರುವುದಿಲ್ಲ, ನೀವು ಅದನ್ನು ಎಸೆಯಲೆಂದು ಎತ್ತುವವರೆಗೆ. ಎತ್ತಿದಿರೋ, ನಾಲ್ಕೂ ಮಹಡಿಯ ಕಿಟಕಿಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ. ಇದು ನನ್ನ ಅನುಭವ. ಅನುಭವವೆಂದರೆ ನನಗೆ ನೆನಪಿರುವಷ್ಟು. ನನ್ನ ನೆನಪಿನ ಬಗ್ಗೆ ಹೆಂಡತಿ ಸುಧಾಳಿಗೆ ಎಳ್ಳಷ್ಟೂ ಗೌರವವಿಲ್ಲ.

ಸುಧಾಳಿಗೆ ಬೆನ್ನುನೋವು. ಭಾಂಡುಪ್‌ನಿಂದ ಬ್ಯಾಂಕಿಗೆ ಲೋಕಲ್ ರೈಲಿನಲ್ಲಿ ನಿಂತೇ ಹೋಗಿ, ನಿಂತೇ ಬಂದು ಗಳಿಸಿದ್ದು. ನಿವೃತ್ತಿಯಾದ ಮೇಲೆ ಲೋಕಲ್ಲು ಬಿಟ್ಟಿತು, ನೋವು ಬಿಡಲಿಲ್ಲ. ಮಗ್ಗುಲು ಬದಲಿಸಬೇಕೆಂದರೂ ಎದ್ದು ಕೂತು, ತಿರುಗಿ ಮಲಗಬೇಕು. ಬಿಸಿನೀರಿನಲ್ಲಿ ಕೂತರೆ ಹಗುರವಾದೀತೆಂದು ಡಾಕ್ಟರು ಹೇಳಿದ್ದೇ ತಡ, ಇಬ್ಬರು ಕೂರುವಂಥ ಹಾಟ್ ಟಬ್ ಒಂದನ್ನು ಆರ್ಡರ್ ಮಾಡಿಯೇಬಿಟ್ಟಳು. "ಬೆನ್ನು ನಂದು, ರೊಕ್ಕ ನಂದು. ಹಿತ್ತಲಾ ಖಾಲಿ ಮಾಡೂದಷ್ಟ ನಿಮ್ಮ ಕೆಲಸ" ಎಂದಳು. ಧಾರವಾಡ ಬಿಟ್ಟು ಎಷ್ಟು ವರ್ಷವಾದರೂ ಅವಳ ಆಜ್ಞೆಗಳೆಲ್ಲ ಇನ್ನೂ ಅಲ್ಲಿಂದಲೇ ಹೊರಡುತ್ತವೆ.

ನಮ್ಮದು ನೆಲಮಹಡಿ. ಅಡಿಗೆಮನೆಯ ಹಿಂದೆ ಕಂಪೌಂಡಿನವರೆಗೆ ಫ್ಲ್ಯಾಟಿನ ಜೊತೆಗೇ ಕೊಂಡ ಅಂಗೈಯಗಲದ ಜಾಗವಿದೆ. ಯಾರದೆಂದು ಗೊತ್ತಿಲ್ಲದ ಹಳೇ ಸಾಮಾನೆಲ್ಲ ಅಲ್ಲಿ ಬಂದು ಬಿದ್ದಿತ್ತು. ಟಬ್ಬಿನ ಕಂಪನಿಯವನು ಬಂದು ನೋಡಿ, ನೀರು ತುಂಬಿದರೆ ಆನೆಯಷ್ಟು ಭಾರ, ನೆಲ ಸಮಮಾಡಿ ಕಾಂಕ್ರೀಟು ಹಾಕಲೇಬೇಕು ಎಂದ. ಶನಿವಾರ ಕೆಲಸದವರು ಬರುತ್ತಾರೆ, ಜಾಗ ತೆರವಾಗಿರದಿದ್ದರೆ ಮುಂದಿನ ಸರದಿ ಮಳೆಗಾಲ ಮುಗಿದ ಮೇಲೆ ಎಂದೂ ಎಚ್ಚರಿಸಿದ. ಸುಧಾ ನನ್ನ ಮುಖ ನೋಡಿದಳು. ಇನ್ನೊಂದು ಮಳೆಗಾಲವನ್ನು ಆ ಬೆನ್ನು ತಡೆಯುವಂತಿರಲಿಲ್ಲ.

ಮೊದಲು ಮುರುಕು ಮಂಚಕ್ಕೆ ಕೈಹಾಕಿದೆ. ಗುಜರಿಯವನ ಕೈಗಾಡಿ ತಲುಪುವ ಮೊದಲೇ ಮೊದಲ ಮಹಡಿಯ ಸಾವಂತರು ಕಿಟಕಿಯಿಂದ, "ಅರೇ ಜೋಶಿ ಸಾಬ್, ವೋ ಹಮಾರಾ ಹೈ! ಕಾಮ್ ಆಯೇಗಾ!" ಎಂದು ಕೂಗಿದರು. ಮೂರು ಕಾಲಿನ ಮಂಚ ಯಾವ ಕೆಲಸಕ್ಕೆ ಬರುತ್ತದೆಂದು ಕೇಳಿದೆ. ನಾಲ್ಕನೆಯ ಕಾಲನ್ನು ಮನೆಯೊಳಗೆ ಜೋಪಾನವಾಗಿ ಇಟ್ಟಿದ್ದಾರಂತೆ. ಬೊಂಬುಗಳನ್ನು ಮುಟ್ಟಿದಾಗ ಬಿಲ್ಡಿಂಗಿನ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಓಡಿಬಂದರು. ಗಣಪತಿ ಮಂಟಪದವು, ದೇವರ ಸಾಮಾನು! ದೇವರಿಗೆ ನನ್ನ ಹಿತ್ತಲೇ ಯಾಕೆ ಬೇಕು ಎಂದರೆ, ನನ್ನಂಥ ಭಾಗ್ಯವಂತ ಬಿಲ್ಡಿಂಗಿನಲ್ಲೇ ಇಲ್ಲವೆಂದು ಬೆನ್ನು ತಟ್ಟಿದರು. ಒಂದು ತೊಟ್ಟಿಲಿಗೂ ಒಡೆಯರು ಬಂದರು, ಅದರಲ್ಲಿ ಮಲಗಿದ್ದ ಕೂಸಿಗೆ ಈಗ ಗಡ್ಡ ಬಂದಿದೆ. ಎಲ್ಲರೊಂದಿಗೂ ಜಗಳವಾಡಿ, ಗಂಟಲು ಕೆಟ್ಟು, ಎಲ್ಲವನ್ನೂ ಮೆಟ್ಟಿಲ ಕೆಳಗೆ ಪೇರಿಸಿದೆ.

ಶುಕ್ರವಾರ ಸಂಜೆ ಉಳಿದದ್ದು ಒಂದು ಒರಳುಕಲ್ಲು. "ಇದೊಂದು ಇರಲಿ" ಎಂದು ಸುಧಾಳಿಗೆ ಹೇಳಿದೆ. "ನಮ್ಮವ್ವಂದು."

"ನಿಮ್ಮವ್ವಂದಲ್ರೀ. ನಾವು ಬಂದಾಗ ಅದು ಅಲ್ಲೇ ಬಿದ್ದಿತ್ತು. ಅತ್ತಿ ಬಂದಾಗೊಮ್ಮೆ ಮಿಕ್ಸೀನ ಹಚ್ಚತಿದ್ರು."

ನನಗೆ ರೇಗಿತು. ನನ್ನ ಕಣ್ಣಿಗೆ ಕಟ್ಟಿದಂತಿದೆ: ಅಡಿಗೆಮನೆಯ ಕಿಟಕಿಯಾಚೆ ಅವ್ವ ಒಂದು ಕಾಲು ಚಾಚಿ ಕೂತಿದ್ದಾಳೆ, ಬಿಸಿಲಿಗೆ ತಲೆಯ ಮೇಲೊಂದು ಟವೆಲು, ಎಡಗೈಯಲ್ಲಿ ಹಿಟ್ಟು ತಳ್ಳುತ್ತ ಕಾಗೆಗೆ ಬೈಯುತ್ತಿದ್ದಾಳೆ. ಬೈಗುಳ ಮಾತ್ರ ಅರ್ಥವಾಗುವುದಿಲ್ಲ. ನೆನಪೆಂದ ಮೇಲೆ ಅಷ್ಟು ಮಸುಕು ಇದ್ದದ್ದೇ.

ಶನಿವಾರ ಕೆಲಸದವರು ಬಂದಾಗ ನಾನು ಆ ಕಲ್ಲಿನ ಮುಂದೆ ಅಡ್ಡ ನಿಂತಿದ್ದೆ. ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಬಾಗಿಲಿಗೆ ಬಂದ ಸುಧಾ, ವಾದಕ್ಕೆ ನಿಲ್ಲಲಿಲ್ಲ. "ನಹೀಂ ಹಟೇ ತೋ ಇನಕೋ ಭೀ ಸಾಥ್ ಮೇ ಉಠಾಓ" ಎಂದು ಅವರಿಗೆ ಹೇಳಿದಳು. ಕಲ್ಲಿನ ಜೊತೆಗೆ ನನ್ನನ್ನೂ ಎತ್ತಲು ಅವರಲ್ಲಿ ಒಬ್ಬ ನನ್ನ ತೂಕ ಅಂದಾಜು ಮಾಡತೊಡಗಿದ. ನಾನೇ ಸರಿದೆ. ಕಲ್ಲನ್ನು ಗೇಟಿನ ಬಳಿಗೆ ಉರುಳಿಸಿದರು.

ತರಕಾರಿ ಚೀಲ ಹಿಡಿದು ಬರುತ್ತಿದ್ದ ಮೂರನೆಯ ಮಹಡಿಯ ವಿನೋದಾ ಶೆಟ್ಟಿ ಅಲ್ಲೇ ನಿಂತುಬಿಟ್ಟರು. "ಅಯ್ಯೋ, ನಮ್ಮ ಅತ್ತೆಯ ಕಡೆಯುವ ಕಲ್ಲು! ಮೇಲೆ ಜಾಗ ಇಲ್ಲ ಅಂತ ಅವರು ನಿಮ್ಮ ಹಿತ್ತಲಲ್ಲೇ ಕೂತು ಕಡೀತಾ ಇದ್ದದ್ದು, ಮಾರಾಯ್ರೆ. ತಲೆಗೊಂದು ಟವೆಲು ಹಾಕಿಕೊಂಡು, ಕಾಗೆಗಳಿಗೆ ತುಳುವಿನಲ್ಲಿ ಬೈಯ್ತಾ... ನಿಮಗೆ ನೆನಪಿಲ್ವಾ?"

ನೆನಪಿಲ್ಲ ಎಂದೆ.

"ನಿಮ್ಮಲ್ಲೇ ಇರಲಿ ಆಯ್ತಾ. ನಿಮಗೆ ಹೇಗೂ ಹಿತ್ತಲುಂಟಲ್ಲ" ಎಂದು ಮೇಲೆ ಹೋದರು.

ಈಗ ಸುಧಾ ದಿನಾ ಬಿಸಿನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕಣ್ಣು ಮುಚ್ಚಿ ಕೂರುತ್ತಾಳೆ. ಮಲಗಿದಲ್ಲೇ ಮಗ್ಗುಲು ಬದಲಿಸುತ್ತಾಳೆ. ಇನ್ನೊಬ್ಬರಿಗೆ ಜಾಗವಿದೆ, ಬರ್ರಿ ಎಂದು ಕರೆದರೂ ನನಗೆ ಪುರುಸೊತ್ತಿಲ್ಲ. ಮೆಟ್ಟಿಲ ಕೆಳಗಿನದನ್ನು ತೆಗೆಯಿರೆಂದು ಸೊಸೈಟಿ ಬೆನ್ನುಹತ್ತಿದೆ. ನಿನ್ನೆ ಬಿಲ್ಡಿಂಗಿನ ಹೊಸ ಬಾಡಿಗೆಯವರು, ಗೇಟಿನ ಬಳಿ ಇನ್ನೂ ಬಿದ್ದಿರುವ ಆ ಒರಳುಕಲ್ಲು ಎತ್ತಿಸಿಬಿಡಲೇ, ಯಾರದದು ಎಂದು ಕೇಳಿದರು.

"ಮುಟ್ಟಬೇಡಿ" ಎಂದೆ. "ನಮ್ಮ ತಾಯಿಯದು."