ಇಲ್ಲದ ಬೆಕ್ಕಿನ ಸಮಾಧಿ

"ಎಂಟು ದಿನವಾ? ನನಗೆ ಆರೇ ಸಾಕು!" ಎಂದು ಟ್ರೆವರ್ ಆಗ್ಡನ್ ಫೋನಿನಲ್ಲಿ ವಕೀಲರಿಗೆ ಹೇಳಿಬಿಟ್ಟ. ಹೇಳಿದ ಮೇಲೆ ಗೋಡೆಯ ಕನ್ನಡಿಯಲ್ಲಿ ತನ್ನ ಮುಖ ನೋಡಿ ತಾನೇ ತಲೆದೂಗಿದ.

ರಾತ್‌ವೆಲ್‌ನ ಈ ಮನೆ ಮಾರಿ, ಫೈಲಿಯ ಸಮುದ್ರದ ದಂಡೆಯಲ್ಲಿ ಮೆಟ್ಟಿಲೇ ಇಲ್ಲದ ಪುಟ್ಟ ಮನೆಗೆ ಹೋಗಬೇಕೆಂದು ಗಂಡ ಹೆಂಡತಿ ತೀರ್ಮಾನಿಸಿ ಆರು ತಿಂಗಳಾಗಿತ್ತು. ಆದರೆ ಇವರ ಮನೆ ಕೊಳ್ಳುವವರು ತಮ್ಮದನ್ನು ಮಾರಬೇಕು, ಅದನ್ನು ಕೊಳ್ಳುವವರು ತಮ್ಮದನ್ನು ಮಾರಬೇಕು, ಹೀಗೆ ಐದು ಮನೆಗಳ ಸರಪಳಿ! ಒಂದು ಕೊಂಡಿ ಕಳಚಿದರೆ ಐದೂ ಸಂಸಾರ ಬೀದಿಗೆ. ಆರು ತಿಂಗಳು ತೂಕಡಿಸಿದ ವಕೀಲರೆಲ್ಲ ಆ ಗುರುವಾರ ಬೆಳಗ್ಗೆ ದಿಢೀರನೆ ಎದ್ದು ಸಹಿಯಾದ ಕರಾರು ಪತ್ರಗಳನ್ನು ಪರಸ್ಪರ ವಿನಿಮಯ ಮಾಡಿಕೊಂಡುಬಿಟ್ಟರು. ಇನ್ನು ಯಾರೂ ಹಿಂದೆ ಸರಿಯುವಂತಿಲ್ಲ. ಮುಂದಿನ ಶುಕ್ರವಾರ ಮಧ್ಯಾಹ್ನಕ್ಕೆ ಬೀಗದ ಕೈ ಒಪ್ಪಿಸಬೇಕು.

"ಮೂವತ್ತೊಂದು ವರ್ಷ ಬಸ್ಸುಗಳ ವೇಳಾಪಟ್ಟಿ ಮಾಡಿದವನು ನಾನು! ಇಡೀ ಊರನ್ನೇ ಹೊತ್ತಿಗೆ ಸರಿಯಾಗಿ ಸಾಗಿಸಿದವನಿಗೆ ನಾಲ್ಕು ಕುರ್ಚಿ ಸಾಗಿಸೋದು ಯಾವ ಲೆಕ್ಕ?" ಎಂದ ಟ್ರೆವರ್.

"ಆ ಬಸ್ಸುಗಳಿಗೆ ಕಾದು ಕಾದು ಮಳೆಯಲ್ಲಿ ನೆಂದವಳು ನಾನು," ಎಂದಳು ಹೆಂಡತಿ ಬೆರಿಲ್. "ಅದು ಬಿಡು. ನನ್ನ ಗಿಡದ ವಿಷಯ ಕಾಗದದಲ್ಲಿ ಬರೆದಿದ್ದೀಯ ತಾನೆ?"

"ಬರೆಯದೆ ಇರ್ತೀನಾ? ನೀನು ಯಾವುದಕ್ಕೂ ತಲೆ ಕೆಡಿಸ್ಕೋಬೇಡ. ಎಲ್ಲಾ ಇಲ್ಲಿದೆ!" ಎಂದು ಟ್ರೆವರ್ ತಲೆ ಮುಟ್ಟಿ ತೋರಿಸಿದ.

ಗಿಡವೆಂದರೆ ಹಿತ್ತಿಲಿನ ರೂಬಾರ್ಬ್. ಕೆಂಪು ದಂಟು, ಮೊರದಗಲ ಎಲೆ, ಬಾಯಿಗಿಟ್ಟರೆ ಕಣ್ಣು ಮುಚ್ಚಿಸುವ ಹುಳಿ. ಬೆರಿಲ್‌ಳ ಅಪ್ಪ, ದಂಟು ಎಳೆಯದಾಗಿರಲೆಂದು ಬಿಸಿಲು ತಾಗಿಸದೆ ಬೆಳೆಸಿ ಮೇಣದ ಬತ್ತಿಯ ಬೆಳಕಿನಲ್ಲಿ ರೂಬಾರ್ಬ್ ಕೀಳುವ ಕತ್ತಲೆ ಕೊಟ್ಟಿಗೆಗಳಲ್ಲಿ ಜೀವ ಸವೆಸಿದವನು. ಮಗಳ ಮದುವೆಗೆ ಅವನು ಕೊಟ್ಟ ಉಡುಗೊರೆ ಇದರ ಗೆಡ್ಡೆ. ಮನೆ ಬಿಡುವ ಮಾತೆತ್ತಿದ ದಿನವೇ ಬೆರಿಲ್ ಖಡಾಖಂಡಿತವಾಗಿ ಹೇಳಿದ್ದಳು: "ಗಿಡ ಬಂದ್ರೆ ನಾನು ಬರ್ತೀನಿ. ಇಲ್ಲಾಂದ್ರೆ ಸಮುದ್ರ ನೋಡ್ಕೊಂಡು ನೀನೊಬ್ಬನೇ ಇರು!"

ಈಗ ಟ್ರೆವರ್ ಗುಟ್ಟಾಗಿ ಕಡತ ತೆಗೆದ. ಮನೆಯೊಂದಿಗೆ ಏನು ಉಳಿಯುತ್ತದೆ, ಏನು ಹೊರಡುತ್ತದೆ ಎಂದು ಗುರುತು ಹಾಕಿ ಕೊಡುವ ಫಾರಂ ಅದು. ಕರ್ಟನ್ ಕೋಲಿನಿಂದ ಹಿಡಿದು ಬಲ್ಬಿನವರೆಗೆ ನೂರಾರು ಸಾಲು. ಒಂದೊಂದಕ್ಕೂ ಗುರುತು ಹಾಕುವುದು ದಡ್ಡರ ಕೆಲಸವೆಂದು ನಮ್ಮ ವೇಳಾಪಟ್ಟಿಯ ಸರದಾರ 'ಉಳಿಯುತ್ತದೆ' ಎಂಬ ಕಡೆ ಮೇಲಿಂದ ಕೆಳಕ್ಕೆ ಸ್ಕೇಲಿಟ್ಟು ಒಂದೇ ಗೆರೆ ಎಳೆದಿದ್ದ! ಆ ಭವ್ಯ ಗೆರೆ 'ತೋಟದ ಗಿಡಗಳು' ಎಂಬ ಸಾಲನ್ನು ಸೀಳಿಕೊಂಡು ಹೋಗಿತ್ತು. ಗೆರೆ ಎಳೆಯುವಾಗ ಟ್ರೆವರ್‌ಗೆ ಗಿಡದ ನೆನಪೇ ಆಗಿರಲಿಲ್ಲ.

ವಕೀಲರಿಗೆ ಫೋನು ಮಾಡಿದ. "ಕರಾರು ಆಗಿಹೋಯ್ತಲ್ಲ ಸ್ವಾಮಿ, ಗಿಡ ಈಗ ಅವರದೇ ಲೆಕ್ಕ," ಎಂದರು ಅವರು. "ಆದ್ರೆ ಅದಕ್ಕೇನಂತೆ? ಕೊಳ್ಳೋರನ್ನೇ ಕೇಳಿಬಿಡಿ. ಹೂಂ ಅಂದ್ರೆ ಮುಗೀತು."

ಕೇಳುವುದೆ! ಕೊಟ್ಟಾದ ಮೇಲೆ ವಾಪಸು ಕೊಡಿ ಎಂದು ಪರಿಚಯವಿಲ್ಲದ ಹೆಂಗಸಿನ ಮುಂದೆ ಬಾಯಿ ತೆರೆಯುವುದೆ! ಟ್ರೆವರ್‌ನ ವಂಶದಲ್ಲಿ ಯಾರೂ ಅಂಥ ಕೆಲಸ ಮಾಡಿರಲಿಲ್ಲ. ಹೋಟೆಲಿನಲ್ಲಿ ಸೂಪಿನಲ್ಲಿ ನೊಣ ಬಿದ್ದರೆ ನೊಣ ಸಮೇತ ಕುಡಿದು "ಬಹಳ ಚೆನ್ನಾಗಿತ್ತು" ಎಂದು ಎದ್ದು ಬರುವ ವಂಶ ಅದು. ಅದೂ ಅಲ್ಲದೆ, ಕೊಳ್ಳುವಾಕೆ ಮಿಸೆಸ್ ಪಿಕರ್ಸ್‌ಗಿಲ್ ಮನೆ ನೋಡಲು ಬಂದಾಗ, "ಕಾಗದದಲ್ಲಿ ಇದ್ದದ್ದು ಇದ್ದ ಹಾಗೇ ಇರುತ್ತೆ, ಒಂದು ಮೊಳೆ ಕೂಡ ಅಲ್ಲಾಡಲ್ಲ!" ಎಂದು ಎದೆಯುಬ್ಬಿಸಿ ಹೇಳಿದವನು ಇವನೇ. ಎಷ್ಟು ಯೋಚಿಸಿದರೂ ಅವನಿಗೆ ಕೇಳುವುದಕ್ಕಿಂತ ಕದಿಯುವುದೇ ಮರ್ಯಾದಸ್ಥರ ದಾರಿ ಎನ್ನಿಸಿತು.

ಶನಿವಾರ ತಟ್ಟೆಗಳೆಲ್ಲ ಪೆಟ್ಟಿಗೆ ಸೇರಿದ್ದರಿಂದ ಕಾಗದದಲ್ಲೇ ಕರಿದ ಮೀನು ತಿನ್ನುತ್ತಾ ಬೆರಿಲ್ ಮತ್ತೆ ಕೇಳಿದಳು: "ಟ್ರೆವರ್, ಗಿಡದ್ದು ಸರಿಯಾಗಿದೆ ತಾನೆ?"

"ಎಷ್ಟು ಸಲ ಹೇಳ್ಬೇಕು ಮಾರಾಯ್ತಿ!"

ಸೋಮವಾರ ಕೂದಲು ಕತ್ತರಿಸಿಕೊಳ್ಳಲು ಹೊರಟವಳು ಬಾಗಿಲಲ್ಲಿ ನಿಂತು ಮೂರನೆಯ ಸಲ ಕೇಳಿದಳು. "ನನ್ನ ಹತ್ರ ಏನಾದ್ರೂ ಹೇಳೋದಿದೆಯಾ?"

"ಇದೆ. ಕೊಡೆ ಮರೀಬೇಡ."

ಅವಳು ಬೀದಿ ತಿರುಗಿದ್ದೇ ತಡ, ಟ್ರೆವರ್ ಹಿತ್ತಿಲಿಗೆ ಓಡಿದ. ಗುದ್ದಲಿ? ಅವನ ಅದ್ಭುತ ಯೋಜನೆಯ ಪ್ರಕಾರ ಅದು ಇಪ್ಪತ್ತೇಳನೆಯ ಪೆಟ್ಟಿಗೆಯೊಳಗೆ, ಪೆಟ್ಟಿಗೆ ಪಿಯಾನೋ ಹಿಂದೆ, ಪಿಯಾನೋ ಮುಂದೆ ಹಾಸಿಗೆಗಳು! ಕೈಗೆ ಸಿಕ್ಕಿದ್ದು ಅಡುಗೆಮನೆಯ ಉದ್ದ ಸೌಟು ಒಂದೇ. ಮೊದಲು ಎಲೆಗಳನ್ನೆಲ್ಲ ಮುರಿದು ಶೆಡ್ಡಿನ ಹಿಂದೆ ಎಸೆದ. ಆಮೇಲೆ ಮಂಡಿಯೂರಿ ಸೌಟಿನಿಂದ ಅಗೆದ, ಅಗೆದ, ಒಂದೂವರೆ ಗಂಟೆ ಅಗೆದ. ಮೂವತ್ತನಾಲ್ಕು ವರ್ಷದ ಬೇರು ಬಿಡುತ್ತದೆಯೆ? ಕೊನೆಗೆ ಕುಂಬಳಕಾಯಿಯಷ್ಟು ದಪ್ಪದ ಗೆಡ್ಡೆ ಚಟಚಟನೆ ಕಿತ್ತು ಬಂತು. ಅದನ್ನು ಸ್ನಾನದ ಟವೆಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಏಳಬೇಕು, ಅಷ್ಟರಲ್ಲಿ ಹಿತ್ತಿಲಿನ ಗೇಟು ಕಿರ್ರೆಂದಿತು.

"ಬೆಲ್ ಮಾಡಿದೆ, ಯಾರೂ ಬರಲಿಲ್ಲ. ಕರ್ಟನ್ ಅಳತೆ ತಗೊಳ್ಳೋಣ ಅಂತ..." ಎನ್ನುತ್ತಾ ಬಂದ ಮಿಸೆಸ್ ಪಿಕರ್ಸ್‌ಗಿಲ್ ಅಲ್ಲೇ ನಿಂತಳು. ಮುಂದೆ ಗುಂಡಿ. ಪಕ್ಕದಲ್ಲಿ ಮಣ್ಣು ಮೆತ್ತಿದ ಗಂಡಸು. ಎದೆಯ ಮೇಲೆ ಟವೆಲಿನ ಗಂಟು. ಕಣ್ಣಿನಲ್ಲಿ ಬೆವರು ಇಳಿದು ನೀರು.

"ಅಯ್ಯೋ ದೇವರೇ," ಎಂದಳು ಆಕೆ ಮೆಲ್ಲಗೆ. "ನಾಯೀನಾ?"

"ಬೆ... ಬೆಕ್ಕು," ಎಂದ ಟ್ರೆವರ್.

"ಹೆಸರು?"

"ಜಿಂಜರ್."

"ಎಷ್ಟು ವಯಸ್ಸಾಗಿತ್ತು ಪಾಪ?"

"ಹದಿನೇಳು. ಕಿವಿ ಸ್ವಲ್ಪ ಮಂದ."

"ಇಲ್ಲಿ ರೂಬಾರ್ಬ್ ಇತ್ತಲ್ಲ?"

"ಅದರ ನೆರಳು ಅಂದ್ರೆ ಜಿಂಜರ್‌ಗೆ ಪ್ರಾಣ," ಎಂದ ಟ್ರೆವರ್. ಹೇಳುತ್ತಾ ಹೇಳುತ್ತಾ ಅವನಿಗೇ ಬೆಕ್ಕಿನ ಮೇಲೆ ಕನಿಕರ ಹುಟ್ಟಿತು.

ಮಿಸೆಸ್ ಪಿಕರ್ಸ್‌ಗಿಲ್ ತಲೆಗೆ ಕಟ್ಟಿದ್ದ ಸ್ಕಾರ್ಫ್ ಬಿಚ್ಚಿದಳು. "ಇಂಥ ಹೊತ್ತಲ್ಲಿ ಒಬ್ಬರೇ ಇರಬಾರದು. ನಾನಿದ್ದೀನಿ. ಇಳಿಸಿ."

ಇನ್ನೇನು ಮಾಡುವುದು? ಪ್ರಾಣ ತೆತ್ತು ಕಿತ್ತ ಗೆಡ್ಡೆಯನ್ನು ಪುಣ್ಯಾತ್ಮ ತನ್ನ ಕೈಯಾರೆ ಟವೆಲ್ ಸಮೇತ ಗುಂಡಿಗಿಳಿಸಿ, ಸೌಟಿನಿಂದ ಮಣ್ಣು ಮುಚ್ಚಿದ. ಆಕೆ ಬೇಲಿಯ ಗುಲಾಬಿಯೊಂದನ್ನು ಕಿತ್ತು ಮೇಲಿಟ್ಟು, ತಲೆ ತಗ್ಗಿಸಿ ಪ್ರಾರ್ಥನೆ ಶುರುಮಾಡಿದಳು. ಟ್ರೆವರ್ ಕೂಡ ಕೈ ಜೋಡಿಸಿದ. ಅವನು ಬೇಡಿಕೊಂಡದ್ದು ಬೆರಿಲ್‌ಳ ಬಸ್ಸು ತಡವಾಗಲಿ ಎಂದು. ಆದರೆ ಅಂದು ಬಸ್ಸು ಹೊತ್ತಿಗೆ ಸರಿಯಾಗಿ ಬಂದಿತ್ತು!

ಬೆರಿಲ್ ಹಿತ್ತಿಲಿಗೆ ಕಾಲಿಟ್ಟಾಗ ಮಿಸೆಸ್ ಪಿಕರ್ಸ್‌ಗಿಲ್ ಓಡಿ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು. "ಜಿಂಜರ್ ವಿಷಯ ಗೊತ್ತಾಯ್ತು. ಮನಸ್ಸಿಗೆ ತುಂಬಾ ನೋವಾಯ್ತಮ್ಮಾ."

ಬೆರಿಲ್ ಗುಲಾಬಿ ನೋಡಿದಳು. ಸೌಟು ನೋಡಿದಳು. ಶೆಡ್ಡಿನ ಹಿಂದಿನಿಂದ ಇಣುಕುತ್ತಿದ್ದ ಮೊರದಗಲದ ಎಲೆ ನೋಡಿದಳು. ಕೊನೆಗೆ ಗಂಡನನ್ನು ನೋಡಿದಳು.

"ನಮ್ಮನೇಲಿ ಬೆಕ್ಕು ಯಾವತ್ತೂ ಇರಲಿಲ್ಲ," ಎಂದಳು. "ಇವನ ತಲೆಯಲ್ಲೇ ಹುಟ್ಟಿ, ಇವತ್ತು ಮಧ್ಯಾಹ್ನ ಸತ್ತಿರಬೇಕು. ಟ್ರೆವರ್, ಆ ಫಾರಂಗೆ ನಾನೂ ಸಹಿ ಹಾಕಿದ್ದೀನಿ. ಸಹಿ ಹಾಕೋ ಮೊದಲು ಓದೋ ಚಟ ನನಗಿದೆ. ನಿನ್ನ ಗೆರೆ ಅವತ್ತೇ ನೋಡಿದೆ."

"ನೋಡಿ... ಸುಮ್ಮನಿದ್ದೆಯಾ?"

"ಸುಮ್ಮನೆ ಯಾಕಿರಲಿ? ಇವರಿಗೆ ಫೋನ್ ಮಾಡಿ ಕೇಳಿದೆ. ಅರ್ಧ ನಿಮಗೆ, ಅರ್ಧ ನನಗೆ ಅಂದ್ರು. ಫೆಬ್ರವರಿಯಲ್ಲಿ, ಗಿಡ ಮಲಗಿರೋ ಹೊತ್ತಲ್ಲಿ, ನನ್ನ ಅರ್ಧ ಕಡಿದುಕೊಂಡು ಫೈಲಿಯಲ್ಲಿ ಅಕ್ಕನ ಹಿತ್ತಿಲಲ್ಲಿ ನೆಟ್ಟೆ. ಕಿತ್ರೆ ಗಿಡ ಸಾಯೋ ಜುಲೈ ತಿಂಗಳಲ್ಲಿ ರೂಬಾರ್ಬ್ ಕೀಳೋ ಹುಚ್ಚ ಈ ಊರಲ್ಲೇ ಬೇರೆ ಯಾರೂ ಇಲ್ಲ!"

ಮಿಸೆಸ್ ಪಿಕರ್ಸ್‌ಗಿಲ್ ಸಮಾಧಿಯತ್ತ ಬೆರಳು ತೋರಿಸಿದಳು. "ಹಾಗಾದ್ರೆ... ಟವೆಲಲ್ಲಿ ಇರೋದು ನನ್ನ ಗಿಡ?"

"ನಿಮ್ಮದೇ. ಚಿಂತೆ ಮಾಡಬೇಡಿ, ಚಳಿಗಾಲಕ್ಕೆ ನನ್ನದರಲ್ಲಿ ಒಂದು ತುಂಡು ಕೊಡ್ತೀನಿ," ಎಂದಳು ಬೆರಿಲ್. ಆಮೇಲೆ ಗಂಡನ ಕಡೆ ತಿರುಗಿ ಸ್ವರ ತಗ್ಗಿಸಿದಳು. "ಗಿಡ ಹೋದ್ರೆ ಹೋಗ್ಲಿ ಕಣೋ. ಮೂರು ಸಲ ಕೇಳಿದೆ. 'ಮರೆತೆ ಬೆರಿಲ್' ಅಂತ ಒಂದು ಮಾತು ಬರುತ್ತೇನೋ ಅಂತ ಕಾದೆ. ಅಷ್ಟು ಕಷ್ಟವಾ ಅದು?"

ಟ್ರೆವರ್ ಮಂಡಿಯೂರಿದ್ದವನು ಏಳಲಿಲ್ಲ. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟ.

"ಮರೆತೆ ಬೆರಿಲ್," ಎಂದ. "ತಪ್ಪು ನಂದೇ."

ಬೆರಿಲ್ ಕೈಚೀಲ ತೆಗೆದು, ಕೂದಲು ಕತ್ತರಿಸಿದ ಅಂಗಡಿಯ ರಸೀದಿಯ ಹಿಂಬದಿಯಲ್ಲಿ ಆ ಎರಡು ವಾಕ್ಯಗಳನ್ನು ಅವನು ಆಡಿದ ಹಾಗೇ ಬರೆದು, ಕೆಳಗೆ ತಾರೀಖು ಹಾಕಿ, ಪೆನ್ನನ್ನು ಮುಂದೆ ಚಾಚಿದಳು.

"ಮಿಸೆಸ್ ಪಿಕರ್ಸ್‌ಗಿಲ್, ನೀವೂ ಕೇಳಿಸಿಕೊಂಡ್ರಲ್ಲ? ಇಲ್ಲಿ ಸಾಕ್ಷಿ ಸಹಿ ಹಾಕಿ."